ಎರಡು ಕೀಲಿಗಳ ಸಾಕ್ಷಮ್ಮ

ನನ್ನ ತಮ್ಮ ತೀರಿಕೊಂಡ ಸುದ್ದಿ ಬಂದದ್ದು ಬೆಳಗಿನ ಆರೂಕಾಲಿಗೆ. ಫೋನಿನಲ್ಲಿ ಅವನ ಹೆಂಡತಿ, "ಭಾವ, ಇವರು ಏಳ್ತಾ ಇಲ್ಲ," ಎಂದಳು. ನಾನು ಹೋಗುವ ಹೊತ್ತಿಗೆ ವೈದ್ಯರು ಬಂದು ನೋಡಿ ಹೋಗಿದ್ದರು. ಹಾಸಿಗೆಯ ಪಕ್ಕದ ಕುರ್ಚಿಯ ಮೇಲೆ ಅವನ ಕನ್ನಡಕ ಮಡಚಿಟ್ಟಂತೆಯೇ ಇತ್ತು. ಅದೇ ಆರೂಕಾಲಿಗೆ, ಊರಿನ ಇನ್ನೊಂದು ತುದಿಯಲ್ಲಿ, ನನಗೆ ಗುರುತೇ ಇಲ್ಲದ ಒಬ್ಬ ಹೆಂಗಸು ಅವನ ಕಾರನ್ನು ಎಬ್ಬಿಸುತ್ತಿದ್ದರು. ಇದು ನನಗೆ ತಿಳಿದದ್ದು ಆಮೇಲೆ. ತಿಳಿದ ಮೇಲೆ, ಪ್ರಾರ್ಥನೆಗೆ ಕೂತಾಗಲೆಲ್ಲ ಆ ಎರಡು ಸಂಗತಿ ಜೊತೆಯಾಗಿಯೇ ಮನಸ್ಸಿಗೆ ಬರುತ್ತವೆ.

ಎಬ್ಬಿಸುವುದು ಎಂಬ ಮಾತು ಆಕೆಯದು. ಇವತ್ತು ಬೆಳಗಿನ ಐದೂವರೆಗೆ ನಾನು ಅವರ ಶೆಡ್ಡಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದೇನೆ. ಹಿಂದೆ ಇದು ಸೋಪಿನ ಕಾರ್ಖಾನೆಯ ಗೋದಾಮಾಗಿತ್ತು. ಕಾರ್ಖಾನೆ ಮುಚ್ಚಿ ಹತ್ತು ವರ್ಷ ಕಳೆದರೂ ನೆಲ ಒದ್ದೆಯಾದರೆ ಇನ್ನೂ ಜಾರುತ್ತದೆ, ಗೋಡೆ ಇನ್ನೂ ಘಮಘಮ ಎನ್ನುತ್ತದೆ. ಒಳಗೆ ಏಳು ಕಾರುಗಳು ಬಾಗಿಲಿಗೆ ಮುಖ ಮಾಡಿ ನಿಂತಿವೆ. ಆಕೆಗೆ ಐವತ್ತೊಂಬತ್ತು ವರ್ಷ. ಸಣ್ಣ ಮೈ, ಮಂಡಿ ಮುಟ್ಟುವ ಹಳೆಯ ಸ್ವೆಟರು. ಹೊಗೆ ನಿಲ್ಲದಿರಲೆಂದು ಮೊದಲು ಎರಡೂ ಕಡೆಯ ದೊಡ್ಡ ಬಾಗಿಲುಗಳನ್ನು ತಳ್ಳಿ ತೆಗೆಯುತ್ತಾರೆ. ಆಮೇಲೆ ಕೊರಳಿಗೆ ತೂಗುಹಾಕಿಕೊಂಡ ದಪ್ಪ ಬಟ್ಟೆಯ ಚೀಲಕ್ಕೆ ಕೈ ಹಾಕುತ್ತಾರೆ. ಚೀಲದ ತುಂಬ ಸಾಲು ಜೇಬುಗಳು, ಒಂದೊಂದಕ್ಕೂ ಬೇರೆ ಬಣ್ಣದ ದಾರದ ಹೊಲಿಗೆ. ಒಂದೊಂದು ಜೇಬಿನಲ್ಲೂ ಒಂದೇ ಕಾರಿನ ಎರಡು ಕೀಲಿ.

ಕಾರಿನ ಬಾಗಿಲು ತೆಗೆದು ಚಾಲಕನ ಸೀಟಿನ ಅಂಚಿನಲ್ಲಿ ಕಾಲು ಹೊರಗಿಟ್ಟು ಕೂರುತ್ತಾರೆ. ಕೀಲಿ ತಿರುಗಿಸುತ್ತಾರೆ. ಎಂಜಿನ್ ಕೆಮ್ಮಿ, ತಡವರಿಸಿ, ಹಿಡಿತಕ್ಕೆ ಬರುತ್ತದೆ. ಆಕೆ ಕಣ್ಣು ಮುಚ್ಚಿ ಕೇಳುತ್ತಾರೆ. ಒಂದೊಂದಕ್ಕೂ ಹದಿನೈದು ನಿಮಿಷ. ಒಂದು ದಿನ ಮೂರು, ಮರುದಿನ ನಾಲ್ಕು.

"ಕಾಲು ಯಾಕೆ ಹೊರಗೆ?" ಎಂದು ಕೇಳಿದೆ.

"ಪೂರ್ತಿ ಒಳಗೆ ಕೂತ್ರೆ ನಂದೇ ಅನ್ಸಿಬಿಡುತ್ತೆ ಸ್ವಾಮಿ. ಅಷ್ಟು ಮೆತ್ತಗಿರುತ್ತೆ ಸೀಟು."

"ನಿಮಗೆ ಓಡಿಸಲು ಬರುತ್ತದಾ?"

"ಇಲ್ಲಪ್ಪ. ಎಬ್ಬಿಸೋಕೆ ಬರುತ್ತೆ. ಮಕ್ಕಳನ್ನ ಎಬ್ಬಿಸೋರೆಲ್ಲ ಅವರ ಜೊತೆ ಸ್ಕೂಲಿಗೆ ಹೋಗಿ ಪಾಠ ಕೇಳ್ತಾರಾ?"

ವಾಹನ ನೋಂದಣಿ ಕಚೇರಿಯ ಸುತ್ತಮುತ್ತ ಇವರನ್ನು ಸಾಕ್ಷಮ್ಮ ಎನ್ನುತ್ತಾರೆ. ಮಾರಾಟದ ಕಾಗದದಲ್ಲಿ ಸಾಕ್ಷಿಯ ಜಾಗದಲ್ಲಿ ಇವರ ಸಹಿ ಕಂಡು ಕಂಡು ಬಂದ ಹೆಸರು. ಸಾಲ ಇನ್ನೂ ತೀರದ ಹಳೆಯ ಕಾರನ್ನು ಮಾರುವವರಿಗೂ ಕೊಳ್ಳುವವರಿಗೂ ನಡುವೆ ನಿಲ್ಲುವುದು ಇವರ ಕೆಲಸ. ಅಂಥ ಕಾರಿನ ನೋಂದಣಿ ಪತ್ರದಲ್ಲಿ ಒಡೆಯನ ಹೆಸರಿನ ಕೆಳಗೆ ಸಾಲ ಕೊಟ್ಟ ಕಂಪನಿಯ ಹೆಸರೂ ಇರುತ್ತದೆ. ಸಾಲ ತೀರಿತೆಂದು ಕಂಪನಿ ಪತ್ರ ಕೊಟ್ಟು, ಆ ಹೆಸರು ಅಳಿಸಿದ ಮೇಲೆಯೇ ಕಾರು ಇನ್ನೊಬ್ಬರ ಹೆಸರಿಗೆ ಹೋಗುವುದು. ಕೊಳ್ಳುವವರು ನಂಬಿಕೆಯಿಂದ ಮಾರುವವರ ಕೈಗೆ ಹಣ ಕೊಟ್ಟರು, ಅವರು ಸಾಲ ಕಟ್ಟದೆ ಜಾರಿಕೊಂಡರು ಎನ್ನಿ. ಒಂದು ದಿನ ಕಂಪನಿಯವರು ಬಂದು ಕಾರನ್ನು ಎಳೆದುಕೊಂಡು ಹೋಗುತ್ತಾರೆ. ಅದಕ್ಕೇ ಸಾಕ್ಷಮ್ಮ ಹಣವನ್ನು ನೇರವಾಗಿ ಕಂಪನಿಗೇ ಕಟ್ಟಿಸುತ್ತಾರೆ. ಸಾಲ ಕಳೆದು ಉಳಿದದ್ದು ಮಾರುವವರಿಗೆ, ಅದೂ ಪತ್ರ ಕೈಗೆ ಬಂದ ಮೇಲೆ.

ಆದರೆ ಪತ್ರ ಬರಲು ಇಪ್ಪತ್ತು ದಿನ ಹಿಡಿಯುತ್ತದೆ, ಕೆಲವೊಮ್ಮೆ ಮೂವತ್ತು. ಅಷ್ಟು ದಿನ ಕಾರು ಯಾರದು? ಕೊಂಡವರು ಹಣ ಕಟ್ಟಿದ್ದಾರೆ, ಹೆಸರು ಅವರದಲ್ಲ. ಮಾರಿದವರ ಹೆಸರಿದೆ, ಋಣ ತೀರಿಸಿದ ಹಣ ಅವರದಲ್ಲ. ಇವನ್ನು ಸಾಕ್ಷಮ್ಮ ನಡುವಿನ ದಿನಗಳು ಎನ್ನುತ್ತಾರೆ. ಆ ದಿನಗಳಲ್ಲಿ ಕಾರು ಈ ಶೆಡ್ಡಿನಲ್ಲಿರಬೇಕು, ಎರಡೂ ಕೀಲಿ ಇವರ ಕೊರಳಲ್ಲಿರಬೇಕು. ಬ್ರೇಕು ಎಳೆದೇ ಇಟ್ಟರೆ ಕಚ್ಚಿಕೊಳ್ಳುತ್ತದೆಂದು ಚಕ್ರಗಳಿಗೆ ಇಟ್ಟಿಗೆ ಕೊಟ್ಟು ನಿಲ್ಲಿಸುತ್ತಾರೆ. ಬ್ಯಾಟರಿ ಸಾಯಬಾರದೆಂದು ದಿನ ಬಿಟ್ಟು ದಿನ ಎಬ್ಬಿಸುತ್ತಾರೆ. ಎರಡೂ ಕಡೆಯವರಿಂದ ಸಮನಾಗಿ ಒಂದಿಷ್ಟು ಕೂಲಿ ಪಡೆಯುತ್ತಾರೆ. "ಒಬ್ಬರು ಜಾಸ್ತಿ ಕೊಟ್ರೆ ನನ್ನ ಕಣ್ಣು ಆ ಕಡೆ ವಾಲುತ್ತೆ," ಎನ್ನುತ್ತಾರೆ. ಹದಿನಾರು ವರ್ಷದಲ್ಲಿ ಹೀಗೆ ಕೈದಾಟಿಸಿದ ಕಾರುಗಳು ಎಂಟುನೂರಕ್ಕೂ ಹೆಚ್ಚು.

ಈ ವಿದ್ಯೆ ಅವರಿಗೆ ಎಲ್ಲಿಂದ ಬಂತು? ಮೊದಲು ಹನ್ನೊಂದು ವರ್ಷ ಅವರು ಒಂದು ಸಾಲದ ಕಂಪನಿಯ ಅಂಗಳ ಗುಡಿಸುತ್ತಿದ್ದರು. ಕಂತು ಕಟ್ಟದವರ ವಾಹನಗಳನ್ನು ಎಳೆತಂದು ನಿಲ್ಲಿಸುವ ಅಂಗಳ ಅದು. ಬಂದ ಕಾರುಗಳ ಒಳಗೆ ಸಿಕ್ಕಿದ್ದನ್ನು ತೆಗೆದಿಡುವ ಕೆಲಸವೂ ಇವರದೇ. ಒಂದು ಕಾಲಿನ ಚಪ್ಪಲಿ, ಊಟದ ಡಬ್ಬಿ, ಕೊಡೆ, ಔಷಧಿಯ ಚೀಟಿ, ಯಾರದೋ ಅಜ್ಜಿಯ ಊರುಗೋಲು. ಒಂದೊಂದು ಕಾರಿನದನ್ನೂ ಒಂದೊಂದು ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಕಾರಿನ ನಂಬರು ಬರೆದಿಡುತ್ತಿದ್ದರು.

"ಕಾರು ಬಿಡಿಸ್ಕೊಳ್ಳೋಕೆ ಆಗದೋರು ಚೀಲ ಬಿಡಿಸ್ಕೊಳ್ಳೋಕೆ ಬರ್ತಿದ್ರು," ಎಂದು ನೆನೆಯುತ್ತಾರೆ. "ಗೇಟಿನ ಹತ್ರ ನಿಂತು ಎಲ್ಲರೂ ಹೇಳೋದು ಒಂದೇ ಮಾತು. 'ನಾನು ಸಾಲಾನೇ ಮಾಡಿಲ್ಲಮ್ಮ, ಪೂರ್ತಿ ದುಡ್ಡು ಕೊಟ್ಟು ತಗೊಂಡಿದ್ದು.' ಸಾಲ ಮಾಡಿದೋನು ಆರಾಮಾಗಿ ಇನ್ನೆಲ್ಲೋ ಇರ್ತಿದ್ದ. ಚೀಲ ಹೊತ್ಕೊಂಡು ಹೋಗೋನು ಇವನು. ಹನ್ನೊಂದು ವರ್ಷ ಅದೇ ಕೇಳಿದೆ. ಒಂದಿನ ಪೊರಕೆ ಗೋಡೆಗೆ ಒರಗಿಸಿಟ್ಟು ಬಂದ್ಬಿಟ್ಟೆ. ಈ ಚೀಲ ಕಟ್ಟೋದು ಸಾಕು, ಕಟ್ಟೋ ಹಾಗೇ ಆಗಬಾರದು, ಅದೇನು ಮಾಡಬಹುದು ನೋಡೋಣ ಅಂತ."

ಮನೆಯಲ್ಲಿ ಆಗ ಮಲಗಿದಲ್ಲೇ ಇದ್ದ ಅತ್ತೆ, ಗಾರೆ ಕೆಲಸದ ಗಂಡ. ಮೂರು ವರ್ಷ ನೋಂದಣಿ ಕಚೇರಿಯ ಮೆಟ್ಟಿಲ ಕೆಳಗೆ ಒಂದು ಮರದ ಪೆಟ್ಟಿಗೆಯ ಮೇಲೆ ಕೂತರು. ದಲ್ಲಾಳಿಗಳು ಕಾಲಿನಿಂದ ಪೆಟ್ಟಿಗೆ ಜರುಗಿಸಿದರು. ಇವರು ಮತ್ತೆ ತಂದಿಟ್ಟುಕೊಂಡರು. ಗಂಡ ತೀರಿಕೊಂಡ ವರ್ಷವೂ ನಾಲ್ಕೇ ದಿನ ರಜೆ. ಈಗ ಕಿಟಕಿಯ ಆಚೆಯಿಂದ ಗುಮಾಸ್ತನೇ ಕೂಗುತ್ತಾನೆ: "ಸಾಕ್ಷಮ್ಮ, ಇವತ್ತೂ ಬಂದ್ರಾ? ನಿಮಗೆ ಇಲ್ಲೇ ಪಿಂಚಣಿ ಮಾಡಿಸ್ಬೇಕು!" ಇವರ ಉತ್ತರ: "ಮೊದಲು ಒಂದು ಕುರ್ಚಿ ಮಾಡಿಸು ಮಗ, ಪಿಂಚಣಿ ಆಮೇಲೆ ನೋಡೋಣ."

ಅಂಗಳದ ಆ ವರ್ಷಗಳು ಇವರಿಗೆ ಇನ್ನೊಂದು ನಿಯಮವನ್ನೂ ಕಲಿಸಿದ್ದವು. ಪತ್ರ ಬರುವ ಮೊದಲು ಯಾರೂ ಯಾವ ಹಾಳೆಗೂ ಸಹಿ ಹಾಕಕೂಡದು. ಮುಂಚಿತವಾಗಿ ಸಹಿಯಾದ ಹಾಳೆ ಕೈಯಿಂದ ಕೈಗೆ ಹೋಗಿ ಒಂದೇ ಕಾರು ಮೂವರಿಗೆ ಮಾರಾಟವಾದದ್ದನ್ನು ಅವರು ಕಂಡಿದ್ದರು. ಆ ನಿಯಮವನ್ನು ಹದಿನಾರು ವರ್ಷ ಒಮ್ಮೆಯೂ ಮುರಿಯಲಿಲ್ಲ. ನನ್ನ ತಮ್ಮನ ವಿಷಯದಲ್ಲಿ ಅದೇ ಮುಳುವಾಯಿತು.

ತಮ್ಮನಿಗೆ ಅರವತ್ತೊಂದು. ದೃಷ್ಟಿ ಮಸುಕಾಗುತ್ತಿದೆ, ಇನ್ನು ಕಾರು ಓಡಿಸಬೇಡಿ ಎಂದು ಕಣ್ಣಿನ ವೈದ್ಯರು ಹೇಳಿದರು. ಕಾರಿನ ಮೇಲೆ ಇನ್ನೂ ಒಂದೂವರೆ ವರ್ಷದ ಕಂತು ಇತ್ತು. ಕೊಳ್ಳಲು ಬಂದವರು ಮನೆಮನೆಗೆ ಹೋಗಿ ಹಾಸಿಗೆ ಹಿಡಿದ ರೋಗಿಗಳ ಹುಣ್ಣು ತೊಳೆದು ಪಟ್ಟಿ ಕಟ್ಟುವ ಒಬ್ಬ ದಾದಿ. ದಿನಕ್ಕೆ ಒಂಬತ್ತು ಮನೆ, ಆರು ಬಸ್ಸು. ಕಾರು ಇದ್ದರೆ ಹದಿನಾಲ್ಕು ಮನೆ ನೋಡಬಹುದು ಎಂಬುದು ಆಕೆಯ ಆಸೆ. ಎಂಟು ವರ್ಷ ಕೂಡಿಟ್ಟಿದ್ದರಲ್ಲಿ ಬಹುಪಾಲನ್ನು ತಂದು ಕಂಪನಿಯ ಕಿಟಕಿಯಲ್ಲಿ ನನ್ನ ತಮ್ಮನ ಸಾಲಕ್ಕೆ ಕಟ್ಟಿದರು. ಅಲ್ಲಿಂದ ತಮ್ಮ, ದಾದಿ, ಸಾಕ್ಷಮ್ಮ ಮೂವರೂ ಆ ಕಾರಿನಲ್ಲೇ ನೇರ ಶೆಡ್ಡಿಗೆ ಬಂದರು. "ನಾನು ಈಗಲೇ ಸಹಿ ಹಾಕಿಬಿಡ್ತೀನಮ್ಮ, ಮತ್ತೆ ಯಾಕೆ ಅಲೆಸ್ತೀರಿ?" ಎಂದು ತಮ್ಮ ಪೆನ್ನು ತೆಗೆದನಂತೆ. ಸಾಕ್ಷಮ್ಮ ಒಪ್ಪಲಿಲ್ಲ. ಐದನೆಯ ದಿನ ಬೆಳಿಗ್ಗೆ ಅವನು ಏಳಲಿಲ್ಲ.

ಅಂದರೆ, ದಾದಿಯ ಹಣದಿಂದ ಸಾಲ ತೀರಿತ್ತು, ಕಾರು ಸತ್ತವನ ಹೆಸರಿನಲ್ಲಿತ್ತು, ಮಾರಿದ್ದೇನೆಂದು ಹೇಳುವ ಅವನ ಸಹಿಯಿರುವ ಒಂದು ಕಾಗದವೂ ಇರಲಿಲ್ಲ.

ಇದನ್ನು ಮೊದಲು ಕಂಡುಹಿಡಿದವರು ತಮ್ಮನ ಹೆಂಡತಿಯ ಅಣ್ಣ. ಅವರದು ಗಡಿಯಾರ ರಿಪೇರಿ ಅಂಗಡಿ. ಆದರೆ ಎಂಥ ಮಾತಿಗೂ ವಾದ ಹೂಡುವುದರಿಂದ ಮನೆಯಲ್ಲಿ ಎಲ್ಲರೂ ಅವರನ್ನು ವಕೀಲರು ಎಂದೇ ಕರೆಯುವುದು. ಸಾವಿನ ಆರನೆಯ ದಿನ ಅವರು ತಂಗಿಯ ಮುಂದೆ ಕುರ್ಚಿ ಎಳೆದುಕೊಂಡರು.

"ನೋಡು, ಸಾಲ ಇಲ್ಲ. ಹೆಸರು ನಿನ್ನ ಗಂಡಂದು. ಬೇರೆಯವರಿಗೆ ಪೂರ್ತಿ ಬೆಲೆಗೆ ಮಾರಿದ್ರೆ ನಾಲ್ಕು ವರ್ಷ ಯಾರ ಮುಂದೂ ಕೈ ಚಾಚಬೇಕಾಗಿಲ್ಲ ನೀನು."

"ಆ ನರ್ಸಮ್ಮ ಕಟ್ಟಿದ್ದು ಅಣ್ಣಾ?"

"ಕಟ್ಟು ಅಂತ ಅವಳನ್ನ ಯಾರು ಕೇಳಿದ್ರು? ಅದು ಅವಳಿಗೂ ಆ ಕೀ ಹೆಂಗಸಿಗೂ ಬಿಟ್ಟ ವ್ಯವಹಾರ."

ಮಕ್ಕಳಿಲ್ಲದ ಮನೆ. ಮನೆಗೆ ಹಿರಿಯನಾಗಿ ನಾನು ಮಾತಾಡಬೇಕಿತ್ತು. ಆಡಲಿಲ್ಲ. ತಮ್ಮನ ಹೆಂಡತಿಯ ಮುಂದಿನ ದಿನಗಳು ನನ್ನ ಕಣ್ಣಮುಂದೆಯೂ ಸುಳಿಯುತ್ತಿದ್ದವು.

ಆ ಮಧ್ಯಾಹ್ನವೇ ಸಾಕ್ಷಮ್ಮ ಬಂದರು. ನೀರು ಕೊಟ್ಟರೆ ಕುಡಿದರು. ಆಮೇಲೆ ಚೀಲದಿಂದ ಎರಡೂ ಕೀಲಿಗಳನ್ನು ತೆಗೆದು ತಮ್ಮನ ಹೆಂಡತಿಯ ಮುಂದಿನ ಮೇಜಿನ ಮೇಲೆ ಇಟ್ಟರು.

"ನಿಮ್ಮ ಯಜಮಾನರೂ ನರ್ಸಮ್ಮನೂ ಇಬ್ಬರೂ ಸೇರಿ ನನ್ನ ಕೈಗೆ ಕೊಟ್ಟಿದ್ದು ಇದು. ಅವರಿಲ್ಲ, ಅವರ ಜಾಗದಲ್ಲಿ ಈಗ ನೀವು. ಮುಚ್ಚುಮರೆ ಇಲ್ಲದೆ ಹೇಳ್ತೀನಮ್ಮ, ತಪ್ಪು ನಂದು. ಅವರು ಸಹಿ ಹಾಕ್ತೀನಿ ಅಂದ್ರು, ನಾನು ಬೇಡ ಅಂದೆ. ಕಾರು ನಮ್ಮದು ಅಂತ ನೀವು ಅಂದ್ರೆ, ಅಲ್ಲ ಅನ್ನೋಕೆ ನನ್ನ ಹತ್ರ ಕಾಗದ ಇಲ್ಲ."

ವಕೀಲರು ನೆಟ್ಟಗಾದರು. "ನೋಡಿದ್ಯಾ? ತಪ್ಪು ಅಂತ ಅವರೇ ಒಪ್ಕೊಂಡ್ರು!"

"ಒಪ್ಕೊಳ್ಳೋಕೇ ಬಂದಿದ್ದು ಅಣ್ಣ. ಇಲ್ಲಾಂದ್ರೆ ಎರಡು ಬಸ್ಸು ಬದಲಾಯಿಸಿ ಯಾಕೆ ಬರ್ಲಿ?"

"ಮತ್ತೆ ಆ ನರ್ಸಿನ ದುಡ್ಡು?" ಎಂದರು ವಕೀಲರು.

"ನಾನು ಕಟ್ಟಿಕೊಡ್ತೀನಿ. ಇರೋ ಎರಡು ರೂಮು ಮಾರಬೇಕು, ಶೆಡ್ಡು ಬಿಡಬೇಕು. ಅದಾದ ಮೇಲೆ ನನ್ನ ಕೈಗೆ ಯಾರೂ ಕೀ ಕೊಡಲ್ಲ, ಕೊಡಲೂಬಾರದು. ಹೆದರಿಸೋಕೆ ಹೇಳ್ತಿಲ್ಲ ತಾಯಿ. ಪೂರ್ತಿ ತಿಳ್ಕೊಂಡು ನೀವು ಹೇಳ್ಬೇಕಲ್ಲ, ಅದಕ್ಕೆ."

ನನ್ನ ಎಪ್ಪತ್ತನಾಲ್ಕು ವರ್ಷದಲ್ಲಿ ಜನ ತಮ್ಮ ತಪ್ಪನ್ನು ಮುಚ್ಚಿಕೊಂಡದ್ದನ್ನು, ಅಳುತ್ತ ಒಪ್ಪಿಕೊಂಡದ್ದನ್ನು, ಬೇರೆಯವರ ತಲೆಗೆ ಕಟ್ಟಿದ್ದನ್ನು ನೋಡಿದ್ದೇನೆ. ತನ್ನ ತಪ್ಪನ್ನು ಎರಡು ಬಸ್ಸಿನಲ್ಲಿ ಹೊತ್ತು ತಂದು, ತನ್ನನ್ನು ಮುಳುಗಿಸಬಲ್ಲವರ ಮುಂದೆ ಕೀಲಿ ಸಮೇತ ಇಟ್ಟವರನ್ನು ನೋಡಿರಲಿಲ್ಲ. ಆ ಕೀಲಿಗಳನ್ನು ಕೊರಳಲ್ಲೇ ಇಟ್ಟುಕೊಂಡು ಅವರು ನಮ್ಮೊಡನೆ ಚೌಕಾಸಿ ಮಾಡಬಹುದಿತ್ತು. ಹಾಗೊಂದು ದಾರಿಯಿದೆ ಎಂಬುದೇ ಅವರಿಗೆ ಹೊಳೆದಂತಿರಲಿಲ್ಲ.

ತಮ್ಮನ ಹೆಂಡತಿ ಕೀಲಿಗಳನ್ನು ಮುಟ್ಟಲಿಲ್ಲ. ಅವುಗಳನ್ನೇ ನೋಡುತ್ತ ಕೇಳಿದಳು: "ಆವತ್ತು ಶೆಡ್ಡಿಗೆ ಬರೋವಾಗ ಕಾರಲ್ಲಿ ಅವರು ಹೇಗಿದ್ರು?"

ಸಾಕ್ಷಮ್ಮನ ಮುಖ ಅರಳಿತು. "ಅಯ್ಯೋ, ಏನು ಮಾತು ಅಂತೀರ! ನರ್ಸಮ್ಮ ಓಡಿಸ್ತಿದ್ರು, ಇವರು ಪಕ್ಕದಲ್ಲಿ. 'ಐದು ವರ್ಷದಲ್ಲಿ ಈ ಸೀಟಲ್ಲಿ ಇವತ್ತೇ ಕೂತಿದ್ದು ನಾನು. ನಮ್ಮನೆಯೋಳು ಮಂಡಿ ತಾಗುತ್ತೆ ಅಂತ ಬಯ್ತಿದ್ದಿದ್ದು ಸುಳ್ಳಲ್ಲ' ಅಂದ್ರು. ಹಾರನ್ ನಡುವೆ ಒತ್ತಿದ್ರೆ ಕೂಗಲ್ಲ, ಎಡಗಡೆ ಒತ್ತಿ ಅಂದ್ರು. ಹಿಂದಿನ ಗಾಜು ಪೂರ್ತಿ ಇಳಿಸಬೇಡಿ, ಮೇಲೆ ಬರಲ್ಲ ಅಂದ್ರು. ಎರಡನೇ ಗೇರಲ್ಲಿ ನಮ್ಮಣ್ಣನ ಹಾಗೆ ಗೊಣಗುತ್ತೆ, ತಲೆ ಕೆಡಿಸ್ಕೋಬೇಡಿ, ಸ್ವಲ್ಪ ಕಾದ್ರೆ ತಾನಾಗೇ ಒಪ್ಕೊಳ್ಳುತ್ತೆ ಅಂದ್ರು."

ತಮ್ಮನ ಹೆಂಡತಿ ನನ್ನ ಕಡೆ ನೋಡಿದಳು. ಆರು ದಿನದಲ್ಲಿ ಮೊದಲ ಸಲ ನಕ್ಕಳು. ನಗುತ್ತಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಕಿಟಕಿಯ ಕಡೆ ತಿರುಗಿದೆ.

"ಮಾರೋರು ಒಳ್ಳೇದು ಹೇಳ್ತಾರಮ್ಮ," ಎಂದು ಸಾಕ್ಷಮ್ಮ ಮೆಲ್ಲಗೆ ಮುಂದುವರಿಸಿದರು. "ಇವರು ಎಲ್ಲ ಊನ ಹೇಳಿಕೊಟ್ರು. ಇನ್ನು ನಿಮ್ಮದು ಅನ್ನೋ ಹಾಗೆ."

ಅವಳು ಮುಖ ಒರೆಸಿಕೊಂಡಳು. ಎರಡೂ ಕೀಲಿಗಳನ್ನು ಎತ್ತಿ ಸಾಕ್ಷಮ್ಮನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದಳು. "ನೀವೇ ಇಟ್ಕೊಳ್ಳಿ. ಎಬ್ಬಿಸ್ತಾ ಇರಿ. ನಾನು ಎಲ್ಲಿ ಸಹಿ ಹಾಕ್ಬೇಕೋ ಹೇಳಿ, ಬರ್ತೀನಿ." ಆಮೇಲೆ ಅಣ್ಣನಿಗೆ, "ನೀನೂ ಬರಬೇಕು. ಅಷ್ಟು ಚೆನ್ನಾಗಿ ವಾದ ಮಾಡ್ತೀಯಲ್ಲ, ಬಂದು ಅಲ್ಲಿ ಮಾಡು," ಎಂದಳು.

ವಕೀಲರು ಬಂದರು ಎಂಬುದನ್ನು ಇಲ್ಲಿ ಬರೆಯಲೇಬೇಕು. ಸತ್ತವನ ಕಾರನ್ನು ಹೆಂಡತಿಯ ಹೆಸರಿಗೆ ತಂದು, ಅಲ್ಲಿಂದ ದಾದಿಯ ಹೆಸರಿಗೆ ಕೊಡಬೇಕಿತ್ತು. ನಾಲ್ಕು ಕಚೇರಿ, ಹದಿಮೂರು ಸಲ ಅಲೆದಾಟ. ಅಣ್ಣನಾದ ನನ್ನ ಒಪ್ಪಿಗೆಯೂ ಬೇಕೆಂದರು. ಆ ಹಾಳೆಗೆ ನಾನು ಎರಡು ಕಡೆ ಸಹಿ ಹಾಕಿದೆ. ಸಾಲದ ಕಂಪನಿಯಲ್ಲಿ ಪತ್ರ ಕೇಳಲು ಹೋದಾಗ ಗುಮಾಸ್ತೆ ತಲೆ ಎತ್ತದೆ ಹೇಳಿದಳು: "ಸಾಲಗಾರರೇ ಬಂದು ತಗೋಬೇಕು."

"ಅವರು ತೀರಿಕೊಂಡಿದ್ದಾರಮ್ಮ."

"ಗೊತ್ತಾಯ್ತು. ಆದ್ರೂ ಅವರೇ ಬರಬೇಕು."

"ಅವರು ಬರೋ ಹಾಗಿದ್ರೆ ನಾವೆಲ್ಲ ಯಾಕೆ ಬರ್ತಿದ್ವಿ?" ಎಂದು ವಕೀಲರು ಮುಂದೆ ನುಗ್ಗಿದರು. ನಲವತ್ತು ನಿಮಿಷ ಬಿಡಲಿಲ್ಲ. ಕಿಟಕಿಯಿಂದ ಕಿಟಕಿಗೆ, ಕಿಟಕಿಯಿಂದ ಒಳಕೋಣೆಗೆ ಹೋಗಿ, ಕೊನೆಗೆ ಪತ್ರ ಹಿಡಿದುಕೊಂಡೇ ಹೊರಗೆ ಬಂದರು. ಬೆವರು ಒರೆಸಿಕೊಳ್ಳುತ್ತ, "ಈ ಕೆಲಸಕ್ಕೆ ಸಂಬಳ ಎಷ್ಟು ಸಾಕ್ಷಮ್ಮ?" ಎಂದರು. "ಬಸ್ಸಿನ ಟಿಕೆಟ್ಟು ನಂದು ಅಣ್ಣ, ಅಷ್ಟೇ," ಎಂದರು ಆಕೆ. ನಿಜವಾಗಿಯೂ ಅಷ್ಟೂ ದಿನದ ಟಿಕೆಟ್ಟು ಅವರೇ ಕೊಂಡರು. ಈ ಕಾರಿಗೆ ಯಾರಿಂದಲೂ ಕೂಲಿ ಮುಟ್ಟಲಿಲ್ಲ.

ಆ ದಿನಗಳಲ್ಲಿ ದಾದಿ ಒಮ್ಮೆಯೂ ಜಗಳಕ್ಕೆ ಬರಲಿಲ್ಲ. ವಾರಕ್ಕೊಮ್ಮೆ ಶೆಡ್ಡಿಗೆ ಬಂದು, ಕಾರನ್ನು ದೂರದಿಂದ ನೋಡಿ, ಬಸ್ಸು ಹಿಡಿದು ಹೋಗುತ್ತಿದ್ದರಂತೆ. ಭಯ ಆಗಲಿಲ್ಲವೇ ಎಂದು ಕೇಳಿದೆ. "ಆಯ್ತು. ರಾತ್ರಿ ನಿದ್ದೆ ಬರ್ತಿರಲಿಲ್ಲ. ಆದ್ರೆ ಸಾಕ್ಷಮ್ಮ ದಿನ ಬಿಟ್ಟು ದಿನ ಫೋನ್ ಮಾಡೋರು. 'ಇವತ್ತೂ ಎದ್ದಿದೆ ಕಣಮ್ಮ' ಅನ್ನೋರು. ಅದೊಂದೇ ಮಾತು. ಹೊಸದೇನೂ ಇಲ್ಲದ ದಿನಾನೂ ಮಾಡೋರು," ಎಂದರು.

ಇವತ್ತು ಕಾರು ಶೆಡ್ಡಿಗೆ ಬಂದ ಐವತ್ತಮೂರನೆಯ ದಿನ. ನಿನ್ನೆ ಸಂಜೆ ದಾದಿಯ ಹೆಸರಿನ ನೋಂದಣಿ ಪತ್ರ ಬಂದಿದೆ. ಸಾಲದ ಕಂಪನಿಯ ಹೆಸರಿದ್ದ ಜಾಗ ಖಾಲಿ. ತಮ್ಮನ ಕಾರು ಸಾಲಿನಲ್ಲಿ ಮೂರನೆಯದು. ಸಾಕ್ಷಮ್ಮ ಅದನ್ನು ಎಬ್ಬಿಸಿ, ಹದಿನೈದು ನಿಮಿಷ ಕೇಳಿ, ನಿಲ್ಲಿಸುತ್ತಾರೆ. ಆರೂವರೆಗೆ ನಾವೆಲ್ಲ ಸೇರಿದ್ದೇವೆ. ತಮ್ಮನ ಹೆಂಡತಿ, ವಕೀಲರು, ಬಿಳಿಯ ಸಮವಸ್ತ್ರದಲ್ಲಿ ಪಟ್ಟಿ ಔಷಧಿಗಳ ಚೀಲ ಹಿಡಿದ ದಾದಿ. ತಮ್ಮನಿಗೆ ಸಲ್ಲಬೇಕಾಗಿದ್ದ ಉಳಿದ ಹಣವನ್ನು ದಾದಿ ಒಂದು ಲಕೋಟೆಯಲ್ಲಿ ಕೊಡುತ್ತಾರೆ. ಸಾಕ್ಷಮ್ಮ ಕೀಲಿಗಳಲ್ಲಿ ಒಂದನ್ನು ತಮ್ಮನ ಹೆಂಡತಿಯ ಕೈಗೆ ಕೊಡುತ್ತಾರೆ, ಅವಳು ದಾದಿಗೆ. ಎರಡನೆಯದನ್ನು ತಾವೇ ಕೊಡುತ್ತಾರೆ. ಇದು ಅವರ ಪದ್ಧತಿ. ಕಾರು ಒಂದು ಮನೆಯಿಂದ ಬಂದದ್ದೆಂದು ತಿಳಿಯಲು ಒಂದು ಕೀಲಿ, ಯಾರೂ ಏನೂ ಉಳಿಸಿಕೊಂಡಿಲ್ಲವೆಂದು ತಿಳಿಯಲು ಇನ್ನೊಂದು.

"ಎಂಟು ಗಂಟೆಗೆ ಒಬ್ಬರು ತಾತನಿಗೆ ಬೆನ್ನಿನ ಹುಣ್ಣು ತೊಳೀಬೇಕು," ಎಂದು ದಾದಿ ಅವಸರದಲ್ಲಿ ಹೊರಡುತ್ತಾರೆ. ಹೊರಡುವ ಮುನ್ನ ತಮ್ಮನ ಹೆಂಡತಿಯ ಎರಡೂ ಕೈ ಹಿಡಿದುಕೊಳ್ಳುತ್ತಾರೆ. ಕಾರು ತಿರುವಿನಲ್ಲಿ ಮರೆಯಾಗುವತನಕ ನಾವು ನಿಂತಿರುತ್ತೇವೆ. ಸಾಕ್ಷಮ್ಮ ಮಾತ್ರ ನಿಲ್ಲುವುದಿಲ್ಲ. ಕಾರು ನಿಂತಿದ್ದ ಜಾಗ ಗುಡಿಸಿ, ಇಟ್ಟಿಗೆಗಳನ್ನು ಗೋಡೆಯ ಬದಿಗೆ ಜೋಡಿಸಿ, ಮುಂದಿನ ಕಾರಿನ ಬಾಗಿಲು ತೆಗೆಯುತ್ತಾರೆ.

ಅವರಿಗೆ ಏನಾದರೂ ಆಸೆ ಉಂಟೇ ಎಂದು ಕೇಳುತ್ತೇನೆ.

"ಬೆಳಿಗ್ಗೆ ದುಡ್ಡು ಕಟ್ಟಿದ್ರೆ ಸಂಜೆಗೆ ಪತ್ರ ಕೊಡೋ ಹಾಗೆ ಆಗಬೇಕು ಸ್ವಾಮಿ. ನಡುವಿನ ದಿನಗಳೇ ಇರಬಾರದು. ಆಗ ನಾನು ಯಾರಿಗೂ ಬೇಕಾಗಲ್ಲ. ಏಳು ಗಂಟೆವರೆಗೂ ಮಲಗ್ತೀನಿ." ಕೀಲಿ ತಿರುಗಿಸುತ್ತ ಹೇಳುತ್ತಾರೆ: "ಇಲ್ಲಿಂದ ಹೋದ ಯಾವ ಕಾರೂ ಇವತ್ತಿನವರೆಗೆ ಆ ಅಂಗಳಕ್ಕೆ ಹೋಗಿಲ್ಲ. ಅದೊಂದು ಉಂಟು ನೋಡಿ."

ಭಗವಂತಾ, ಈ ತಾಯಿಯ ಕೈ ಬಲವಾಗಿರಲಿ. ನನ್ನ ತಮ್ಮ ಕೊಟ್ಟ ಮಾತು ಅರ್ಧದಲ್ಲಿ ನಿಂತಿತ್ತು. ನಾನು ಸುಮ್ಮನಿದ್ದಾಗ ಈ ಮೂವರು ಹೆಂಗಸರು ಅದನ್ನು ಪೂರ್ತಿ ಮಾಡಿದರು. ಅವನಿಂದ ನಷ್ಟವಾಯಿತೆಂದು ನಿಟ್ಟುಸಿರು ಬಿಡುವವರು ಈ ಲೋಕದಲ್ಲಿ ಇವತ್ತು ಒಬ್ಬರೂ ಇಲ್ಲ. ನನ್ನ ಮೌನವನ್ನು ನನ್ನ ಲೆಕ್ಕಕ್ಕೆ ಬರೆದುಕೋ, ಅವನದಕ್ಕೆ ಬೇಡ. ಅವನನ್ನು ನಿನ್ನ ಬಳಿ ನೆಮ್ಮದಿಯಾಗಿ ಮಲಗಿಸಿಕೋ. ನನ್ನ ತಮ್ಮನಿಗೆ ಶಾಂತಿಯಿರಲಿ.